ಬಿಚ್ಚಿಕೊಂಡು ಹೋದ ಕತ್ತೆಗಾಗಿ ಪ್ರಾರ್ಥನೆ

ನಾನು ಸೋಫಾ ಹೊಲಿಯುವವನು. ಹರಿದ ಕುರ್ಚಿ, ಕುಸಿದ ಸೋಫಾ, ಕೂತವರನ್ನು ಮೇಲಕ್ಕೆಸೆಯುವ ಸ್ಪ್ರಿಂಗಿನ ಮಂಚ, ಎಲ್ಲವೂ ನನ್ನ ಅಂಗಡಿಗೆ ಬರುತ್ತವೆ. ಒಮ್ಮೆ ಒಬ್ಬರ ಸೋಫಾ ಬಿಚ್ಚಿದಾಗ ಒಳಗೆ ಅವರ ಕಳೆದುಹೋದ ಬೆಕ್ಕು ಸಿಕ್ಕಿತು. ಬೆಕ್ಕೊಂದೇ ಅಲ್ಲ, ಮಕ್ಕಳು ಮೊಮ್ಮಕ್ಕಳ ಸಮೇತ ಅದರ ಇಡೀ ಸಂಸಾರ. ನಂಬದಿದ್ದರೆ ಬಿಡಿ, ನನ್ನ ಹೆಂಡತಿಯೂ ನಂಬುವುದಿಲ್ಲ.

ಕೆಲಸ ಮಾಡುವಾಗ ನನ್ನ ಬಾಯಲ್ಲಿ ಸಣ್ಣ ಮೊಳೆಗಳಿರುತ್ತವೆ. ಒಂದೊಂದಾಗಿ ನಾಲಿಗೆಯ ತುದಿಗೆ ತಂದು, ಸುತ್ತಿಗೆಯ ಮೂತಿಗೆ ಕೊಟ್ಟು ಬಡಿಯಬೇಕು. ಹೀಗಾಗಿ ಹಗಲೆಲ್ಲ ಮಾತು ಒಳಗೇ ಉಳಿದು ಹಿಟ್ಟಿನಂತೆ ಉಬ್ಬುತ್ತದೆ. ಸಂಜೆ ಮೊಳೆ ಉಗುಳಿದೆನೆಂದರೆ ಕಥೆ ಹೊರಡುತ್ತದೆ. ಬರೆಯುವುದು ನನ್ನ ಕೈಲಾಗದ ಕೆಲಸ. ಶಾಲೆಯಲ್ಲಿ ಗುಣಾಕಾರ ಒಂದು ಬಾಗಿಲಿಂದ ಒಳಗೆ ಬಂತು, ನಾನು ಇನ್ನೊಂದು ಬಾಗಿಲಿಂದ ಹೊರಗೆ ಹೋದೆ. ಆದ್ದರಿಂದ ನಾನು ಹೇಳುತ್ತೇನೆ, ಹೆಂಡತಿ ಬರೆಯುತ್ತಾಳೆ. "ಆ ಕತ್ತೆಯ ಕಿವಿಯ ನೆರಳಲ್ಲಿ ಇಬ್ಬರು ಕಾಲು ಚಾಚಿ ಮಲಗಬಹುದಿತ್ತು" ಎಂದು ನಾನು ಹೇಳಿದರೆ, ಅವಳು "ಕತ್ತೆಯ ಕಿವಿ ಉದ್ದವಾಗಿತ್ತು" ಎಂದು ಬರೆದು ಮುಂದಕ್ಕೆ ಹೋಗುತ್ತಾಳೆ. ನಾನು ಬಟ್ಟೆ ಕತ್ತರಿಸುತ್ತೇನೆ, ಅವಳು ನನ್ನನ್ನು ಕತ್ತರಿಸುತ್ತಾಳೆ. ಸಂಸಾರ ಸರಿಯಾಗಿ ನಡೆಯುತ್ತಿದೆ.

ಕತ್ತೆಯ ವಿಷಯ ಹೇಳಿಯೇಬಿಡುತ್ತೇನೆ, ಏಕೆಂದರೆ ಎಲ್ಲಾ ಆದದ್ದು ಅದರಿಂದಲೇ. ನಮ್ಮ ಚರ್ಚಿನ ಸಭೆಯಲ್ಲಿ ಭಾನುವಾರ ಮಕ್ಕಳಿಗೆ ಕಥೆ ಹೇಳುವ ಕೆಲಸ ನನ್ನದು. ಯೇಸುಸ್ವಾಮಿ ಪಟ್ಟಣದೊಳಗೆ ಬರುವ ಮುಂಚೆ ಅವರ ಸವಾರಿಗೆಂದು ಇಬ್ಬರು ಶಿಷ್ಯರು ಹೋಗಿ, ಯಾರದೋ ಮನೆಯ ಮುಂದೆ ಕಟ್ಟಿದ್ದ ಕತ್ತೆಯನ್ನು ಬಿಚ್ಚಿಕೊಂಡು ಬಂದರಲ್ಲ, ಆ ಪಾಠ ಹೇಳುತ್ತಿದ್ದೆ. ಮೂಗು ಸುರಿಸುತ್ತ ಕೂತಿದ್ದ ಒಂದು ಹುಡುಗಿ ಕೇಳಿದಳು, ಕತ್ತೆ ಯಾರದ್ದು, ವಾಪಸ್ ಕೊಟ್ಟರಾ ಎಂದು. ಆಮೇಲೆ ಕಳಿಸುತ್ತೇವೆ ಎಂದು ಹೇಳಿ ಕೊಂಡೊಯ್ದದ್ದು ನಿಜ, ಕಳಿಸಿದ್ದನ್ನು ಯಾರೂ ಹೇಳಿಲ್ಲ. ಆ ಹೊತ್ತಿನಿಂದ ಕತ್ತೆಯ ಯಜಮಾನ ನನ್ನ ತಲೆಯೊಳಗೆ ಬಂದು ಕೂತ. ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದ ಬಡಪಾಯಿ. ಅವನ ಬಾಯಿಂದಲೇ ಇಡೀ ಕಾದಂಬರಿ ಹೇಳಿದೆ, ಹೆಂಡತಿ ಬರೆದಳು. ಕೊನೆ ಮಾತ್ರ ಕೂಡಿಬರಲಿಲ್ಲ. ಒಂದು ಸಲ ಕತ್ತೆ ಸತ್ತಿತು, ಒಂದು ಸಲ ರಾಜನ ಕುದುರೆಲಾಯ ಸೇರಿತು, ಒಂದು ಸಲ ಮಾತನಾಡಿತು. ಮಾತನಾಡಿದ ದಿನ ಹೆಂಡತಿ ಪೆನ್ನು ಕೆಳಗಿಟ್ಟಳು.

ಈ ಕಾದಂಬರಿ ಹೊತ್ತುಕೊಂಡು ಕ್ರೈಸ್ತ ಬರಹಗಾರರ ಸಮ್ಮೇಳನಗಳಿಗೆ ಅಲೆಯತೊಡಗಿದೆ. ಪ್ರತಿ ಸಮ್ಮೇಳನದಲ್ಲೂ ಕೊರಳಿಗೊಂದು ಹೆಸರಿನ ಬಿಲ್ಲೆ, ಹೆಗಲಿಗೊಂದು ಬಟ್ಟೆಯ ಚೀಲ ಕೊಡುತ್ತಾರೆ. ಮನೆಯಲ್ಲಿ ಎಷ್ಟು ಚೀಲ ಸೇರಿದವೆಂದರೆ ಹೆಂಡತಿ ಅವನ್ನೇ ಹೊಲಿದು ಕಿಟಕಿಗೆ ಪರದೆ ಮಾಡಿದ್ದಾಳೆ. ಅಲ್ಲಿ ತರಗತಿಗಳಿರುತ್ತವೆ. ಪಾಪಿಯ ಮನಸ್ಸು ಎಷ್ಟನೇ ಅಧ್ಯಾಯದಲ್ಲಿ ತಿರುಗಬೇಕು ಎಂದೊಂದು. ಪ್ರೇಮಕಥೆಯಲ್ಲಿ ಮುತ್ತು ಎಲ್ಲಿಗೆ ನಿಲ್ಲಬೇಕು ಎಂದು ಇನ್ನೊಂದು. ಅದಕ್ಕೆ ಮಾತ್ರ ಬಾಗಿಲ ಹೊರಗೂ ಜನ ನಿಂತಿರುತ್ತಾರೆ. ಕಾಫಿ ಎಷ್ಟು ತೆಳ್ಳಗಿರುತ್ತದೆಂದರೆ ಅದರ ಮೂಲಕ ಪೇಪರ್ ಓದಬಹುದು. ಆದರೂ ಹೇಳುತ್ತೇನೆ, ಅಂಥ ಒಳ್ಳೆಯ ಜನ ಬೇರೆಲ್ಲೂ ನನಗೆ ಸಿಕ್ಕಿಲ್ಲ. ಬೇರೆ ಕಡೆ ನಾನು ಬಾಯಿಬಿಟ್ಟರೆ ಜನ ಗಡಿಯಾರ ನೋಡುತ್ತಾರೆ. ಇಲ್ಲಿ ಕುರ್ಚಿ ಎಳೆದುಕೊಂಡು ಹತ್ತಿರ ಬರುತ್ತಾರೆ.

ಅಲ್ಲಿ ಎಲ್ಲರೂ ಕಾಯುವುದು ಕಾಲು ಗಂಟೆಗಾಗಿ. ಪ್ರಕಾಶಕರ ಕಡೆಯ ಸಂಪಾದಕರು ಒಂದು ಕೋಣೆಯಲ್ಲಿ ಕೂತಿರುತ್ತಾರೆ. ಒಬ್ಬೊಬ್ಬರೇ ಒಳಗೆ ಹೋಗಿ ತಮ್ಮ ಪುಸ್ತಕದ ವಿಷಯ ಹೇಳಬೇಕು. ಹಿಡಿಸಿದರೆ, ಕಳಿಸಿ ಓದುತ್ತೇನೆ ಎನ್ನುತ್ತಾರೆ. ಆ ಒಂದು ಮಾತಿಲ್ಲದೆ ನೀವು ಅಂಚೆಯಲ್ಲಿ ಕಳಿಸಿದ್ದನ್ನು ಯಾರೂ ಬಿಚ್ಚಿಯೂ ನೋಡುವುದಿಲ್ಲ. ನನಗೆ ಅದುವರೆಗೆ ಆ ಮಾತು ಸಿಕ್ಕಿರಲಿಲ್ಲ. ನಾನು ಒಳಗೆ ಹೋಗಿ "ಇದು ಒಂದು ಕಾದಂಬರಿ, ಇದರಲ್ಲಿ ಒಂದು ಕತ್ತೆ" ಎಂದು ಶುರುಮಾಡಿ, ನಾಲಿಗೆಯಲ್ಲಿ ಮೊಳೆ ಇದ್ದವನಂತೆ ತೊದಲಿ ಹೊರಗೆ ಬರುತ್ತಿದ್ದೆ.

ಈ ಸಲ ಹೊರಡುವ ದಿನ ಹೆಂಡತಿ ನನ್ನ ಅಂಗಿಯ ಕಾಲರು ಸರಿಮಾಡುತ್ತ ಹೇಳಿದಳು: "ರೀ, ನೀವು ಕಥೆಯ ವಿಷಯ ಹೇಳೋಕೆ ಹೋಗ್ಬೇಡಿ. ಕಥೆನೇ ಹೇಳಿ. ಕೂತ ತಕ್ಷಣ ಶುರು ಮಾಡಿಬಿಡಿ. ಈ ಸಲ ಆಗ್ಲಿಲ್ಲ ಅಂದ್ರೆ ಸಾಕು, ಮಕ್ಕಳಿಗೆ ಹೇಳ್ಕೊಂಡು ಇರೋಣ. ನನಗೂ ಕಣ್ಣು ಸೋಲ್ತಿದೆ."

ಸಾಕು ಎನ್ನುವಾಗ ಅವಳ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅಷ್ಟು ವರ್ಷ ನನ್ನ ಬಾಯಿಯ ಹಿಂದೆ ಓಡಿ ಓಡಿ ಬರೆದ ಕೈ ಅದು. ಅವಳಿಗೆ ಒಂದು ಪುಸ್ತಕ ತೋರಿಸಲೇಬೇಕು ಎಂದುಕೊಂಡು ಬಸ್ಸು ಹತ್ತಿದೆ.

ಸಮ್ಮೇಳನ ನಡೆದದ್ದು ಒಂದು ಹಳೆಯ ಹಾಸ್ಟೆಲಿನಲ್ಲಿ. ಉದ್ದನೆಯ ಮೊಗಸಾಲೆ, ಎರಡೂ ಕಡೆ ಒಂದೇ ಥರದ ಬಾಗಿಲುಗಳು. ನನ್ನ ಕೋಣೆಯಲ್ಲಿ ಜೊತೆಗಿದ್ದವರು ನಿವೃತ್ತ ಪಾದ್ರಿಗಳು. ಕೊಲೆಗಳ ಕಾದಂಬರಿ ಬರೆಯುತ್ತಾರೆ, ಆದರೆ ಕೊಲೆಗಾರನ ಮೇಲೆ ಕನಿಕರ ಬಂದು ಪ್ರತಿ ಸಲ ಅವನನ್ನು ಬಿಟ್ಟುಬಿಡುತ್ತಾರೆ. ಅವರು ಗೊರಕೆ ಹೊಡೆದರೆ ಕಿಟಕಿಯ ಪರದೆ ಹೊರಗೆ ಹೋಗಿ ಒಳಗೆ ಬರುತ್ತಿತ್ತು. ಇದು ಉತ್ಪ್ರೇಕ್ಷೆ ಅಲ್ಲ. ಬೇಕಾದರೆ ಪರದೆಯನ್ನು ಕೇಳಿ.

ಇಂಥ ಸಮ್ಮೇಳನಗಳಲ್ಲಿ ಒಂದು ಅಭ್ಯಾಸವಿದೆ. ಪ್ರಕಟಣೆಗಳನ್ನೂ ಪ್ರಾರ್ಥನೆಯ ಒಳಗೇ ಸೇರಿಸಿ ಹೇಳಿಬಿಡುತ್ತಾರೆ. ಬೆಳಿಗ್ಗೆ ಕಾರ್ಯದರ್ಶಿಗಳು ಕಣ್ಣು ಮುಚ್ಚಿ ಸ್ತೋತ್ರ ಶುರುಮಾಡಿದರು. ಸೂರ್ಯನಿಗಾಗಿ, ಗಾಳಿಗಾಗಿ, ಅಡುಗೆಯವರಿಗಾಗಿ ಸ್ತೋತ್ರ ಹೇಳಿದರು. ಅದೇ ಉಸಿರಿನಲ್ಲಿ, ಕರ್ತನೇ, ಸಂಪಾದಕರ ಕೋಣೆಯ ಫ್ಯಾನು ಕೆಟ್ಟಿರುವುದು ನಿನಗೆ ಗೊತ್ತೇ ಇದೆ, ಆದ್ದರಿಂದ ಅವರು ಎದುರಿನ ಪ್ರಾರ್ಥನಾ ಕೋಣೆಗೆ ಹೋಗಿದ್ದಾರೆ, ಪ್ರಾರ್ಥನೆಯವರು ಈ ಕಡೆ ಬಂದಿದ್ದಾರೆ, ಎರಡೂ ಕಡೆ ನಿನ್ನ ಕೃಪೆ ಇರಲಿ ಎಂದರಂತೆ. ಎಲ್ಲರೂ ಆಮೆನ್ ಎಂದರು. ನಾನೂ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದೆ. ಆದರೆ ಒಂದಕ್ಷರವೂ ನನ್ನ ಕಿವಿಗೆ ಬಿದ್ದಿರಲಿಲ್ಲ. ನಾನು ಆಗ ನನ್ನದೇ ಪ್ರಾರ್ಥನೆಯಲ್ಲಿದ್ದೆ: ದೇವರೇ, ಇವತ್ತೊಂದು ದಿನ ನಾಲಿಗೆ ನೆಟ್ಟಗಿಡು.

ನನ್ನ ಸರದಿಯ ಹೊತ್ತಿಗೆ ಹೋಗಿ ಮೊದಲು ಹೇಳಿದ್ದ ಕೋಣೆಯ ಬಾಗಿಲೇ ತಳ್ಳಿದೆ. ಎರಡು ಕುರ್ಚಿ, ಒಂದು ಮೇಜು. ಬಿಳಿ ಕೂದಲಿನ ಒಬ್ಬ ಹೆಂಗಸು ಕೂತಿದ್ದರು. ಅವರು ನಿವೃತ್ತ ನರ್ಸಮ್ಮ, ಪ್ರಾರ್ಥನಾ ಕೋಣೆಯ ಸೇವೆಗೆ ಬಂದವರು, ನೊಂದವರು ಬಂದು ಹೇಳಿಕೊಂಡರೆ ಅವರಿಗಾಗಿ ಪ್ರಾರ್ಥಿಸುವವರು ಎಂಬುದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ನನ್ನ ಕಣ್ಣಿಗೆ ಅವರೇ ಸಂಪಾದಕರು. ಸೋಫಾ ಹೊಲಿಯುವವನು ಎಂದು ಪರಿಚಯ ಹೇಳಿಕೊಂಡು ಕೂತೆ. ಕುರ್ಚಿಯ ಸ್ಪಂಜು ಸತ್ತು ಎಷ್ಟೋ ಕಾಲವಾಗಿತ್ತು, ಆದರೂ ಆ ಕಡೆ ಗಮನ ಕೊಡಲಿಲ್ಲ.

"ಹೇಳಿ ಬ್ರದರ್, ಏನು ವಿಷಯ?" ಎಂದರು.

ಹೆಂಡತಿಯ ಮಾತು ನೆನಪಾಯಿತು. ಕಣ್ಣು ಮುಚ್ಚಿ ಶುರುಮಾಡಿಬಿಟ್ಟೆ. "ನನ್ನ ಕತ್ತೆಯನ್ನ ಬಿಚ್ಕೊಂಡು ಹೋದ್ರು. ಮನೆ ಬಾಗಿಲಲ್ಲೇ ಕಟ್ಟಿದ್ದೆ. ಯಾರೋ ಇಬ್ಬರು ಬಂದ್ರು, ಮುಖ ನೋಡಿದ್ರೆ ಕಳ್ಳರ ಥರ ಇರ್ಲಿಲ್ಲ. ಯಾಕಪ್ಪಾ ಬಿಚ್ತಿದ್ದೀರಾ ಅಂದೆ. ನಮ್ಮ ಗುರುಗಳಿಗೆ ಬೇಕು, ಆಮೇಲೆ ಕಳಿಸ್ತೀವಿ ಅಂದ್ರು. ನನ್ನ ಬಾಯಿಂದ ಬೇಡ ಅನ್ನೋ ಮಾತೇ ಹೊರಡಲಿಲ್ಲ."

ಮೊದಲ ಸಲ ನಾಲಿಗೆ ನೆಟ್ಟಗಿತ್ತು. ಕತ್ತೆಯ ಯಜಮಾನ ನನ್ನ ಬಾಯೊಳಗೆ ಕೂತು ತಾನೇ ಮಾತನಾಡಿದ. ಖಾಲಿ ಗೂಟ, ಅದಕ್ಕೆ ಸುತ್ತಿಕೊಂಡಿದ್ದ ಹಗ್ಗ, ಮೇವು ತಂದು ಹಾಕಿ ಆಮೇಲೆ ನೆನಪಾಗಿ ವಾಪಸ್ ತೆಗೆದಿಟ್ಟದ್ದು, ಎಲ್ಲಾ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಎಂಥಾ ಸಂಪಾದಕರು, ಕಥೆಯನ್ನು ಕಣ್ಣು ಮುಚ್ಚಿ ನೋಡುತ್ತಿದ್ದಾರೆ ಎಂದುಕೊಂಡೆ. ನಡುವೆ, ಪೊಲೀಸರಿಗೆ ಹೇಳಲಿಲ್ಲವೇ ಎಂದು ಕೇಳಿದರು. ಕಥೆಯ ಹೆಣಿಗೆ ಪರೀಕ್ಷಿಸುತ್ತಿದ್ದಾರೆ ಎಂದುಕೊಂಡು, ಸಿಪಾಯಿಗಳಿಗೆ ಹೇಳಿದರೆ ಮನೆಯಲ್ಲಿ ಉಳಿದಿರುವ ಮರಿಯನ್ನೂ ಹೊಡೆದುಕೊಂಡು ಹೋಗುತ್ತಾರೆ ಎಂದೆ. ಅದೂ ನಿಜವೇ ಎಂದು ತಲೆಯಾಡಿಸಿದರು. ಗುರುಗಳ ಹೆಸರು ಹೇಳಿಕೊಂಡು ಜನ ಏನೇನು ಮಾಡುತ್ತಾರಪ್ಪ ಎಂದು ನಿಟ್ಟುಸಿರೂ ಬಿಟ್ಟರು. ಅಲ್ಲಿ ಸ್ವಲ್ಪ ಅನುಮಾನ ಬರಬೇಕಿತ್ತು. ಬರಲಿಲ್ಲ. ಹೊಗಳಿಕೆಯ ವಾಸನೆ ಹತ್ತಿದ ಕಥೆಗಾರನಿಗೂ ಬೆಲ್ಲ ಕಂಡ ಇರುವೆಗೂ ಬೇರೆ ದಾರಿ ಕಾಣುವುದಿಲ್ಲ.

ಕೊನೆಗೆ ನನ್ನ ಎರಡೂ ಕೈ ಹಿಡಿದು ಪ್ರಾರ್ಥಿಸಿದರು. ಕ್ರೈಸ್ತ ಪ್ರಕಾಶಕರಲ್ಲವೇ, ಪ್ರಾರ್ಥಿಸಿಯೇ ತೀರ್ಮಾನ ಮಾಡುತ್ತಾರೆ ಎಂದು ನಾನು ಸಮಾಧಾನವಾಗಿ ತಲೆ ಬಗ್ಗಿಸಿದೆ. "ಕರ್ತನೇ, ಈ ಬ್ರದರಿನ ಕತ್ತೆ ಎಲ್ಲಿದೆಯೋ ನಿನಗೆ ಗೊತ್ತು. ಕೊಂಡೊಯ್ದವರನ್ನ ಕ್ಷಮಿಸು. ಅದನ್ನ ಬರಿಗೈಲಿ ಕಳಿಸಬೇಡಪ್ಪಾ. ಹೋದಾಗ ಇದ್ದದ್ದಕ್ಕಿಂತ ಹೆಚ್ಚು ಹೊತ್ಕೊಂಡು ಬರ್ಲಿ." ಅವರ ಕಣ್ಣಿನಿಂದ ಒಂದು ಹನಿ ನನ್ನ ಹೆಬ್ಬೆರಳ ಮೇಲೆ ಬಿತ್ತು. ನನ್ನ ಕಥೆ ಕೇಳಿ ಜನ ನಕ್ಕದ್ದುಂಟು, ನಿದ್ದೆ ಹೋದದ್ದುಂಟು. ಅತ್ತದ್ದು ಅದೇ ಮೊದಲು.

ಏಳುವಾಗ, ಯಾವಾಗ ತಿಳಿಸುತ್ತೀರಿ ಎಂದು ಕೇಳಿದೆ. ತಿಳಿಸುವವಳು ನಾನಲ್ಲ, ಮೇಲಿರುವವನು ಎಂದರು. ಮುಖ್ಯ ಕಚೇರಿ ಮೇಲಿನ ಮಹಡಿಯಲ್ಲಿರಬೇಕು ಎಂದುಕೊಂಡು ಹೊರಗೆ ಬಂದೆ. ಹೆಂಡತಿಗೆ ಫೋನು ಮಾಡಿ, ಅತ್ತುಬಿಟ್ಟರು ಕಣೇ ಎಂದೆ. ಅವಳು, ಊಟ ಮಾಡಿ, ಖಾಲಿ ಹೊಟ್ಟೆಯಲ್ಲಿ ಕುಣಿಯಬೇಡಿ ಎಂದು ಫೋನಿಟ್ಟಳು. ಅವಳ ದನಿಯಲ್ಲಿ ನಗು ಇತ್ತು.

ಊಟದ ಹಾಲಿನಲ್ಲಿ ಉದ್ದುದ್ದ ಮೇಜುಗಳು. ನನ್ನ ಪಕ್ಕದಲ್ಲಿ ಪಾದ್ರಿಗಳು, ಎದುರಿಗೆ ಕನ್ನಡಕ ಹಾಕಿದ ಸಣಕಲು ಮನುಷ್ಯರೊಬ್ಬರು. ಊಟದ ಪ್ರಾರ್ಥನೆಗೆ ಕರೆದರೆ ಎದ್ದು ನಿಂತವರು ಅದೇ ಬಿಳಿ ಕೂದಲಿನ ಅಮ್ಮ. ಮೊದಲು ಅನ್ನಕ್ಕಾಗಿ ಸ್ತೋತ್ರ ಹೇಳಿದರು. ಆಮೇಲೆ ಹೇಳಿದ್ದು ಇದು: ನಮ್ಮ ನಡುವೆ ಒಬ್ಬ ಬಡ ಬ್ರದರ್ ಇದ್ದಾರೆ, ಸೋಫಾ ಹೊಲಿಯುವವರು, ಅವರ ಕತ್ತೆಯನ್ನು ಮೋಸದಿಂದ ಬಿಚ್ಚಿಕೊಂಡು ಹೋಗಿದ್ದಾರೆ, ಅಷ್ಟಾದರೂ ಅವರು ಈ ಸಮ್ಮೇಳನಕ್ಕೆ ಬಂದಿದ್ದಾರೆ, ಆ ಕತ್ತೆಗಾಗಿ ಎಲ್ಲರೂ ಒಂದು ನಿಮಿಷ ಬೇಡಿಕೊಳ್ಳೋಣ.

ಹಾಲಿಗೆ ಹಾಲೇ ಬೇಡಿಕೊಂಡಿತು. ಹಿಂದಿನ ಮೇಜಿನಲ್ಲಿ ಯಾರೋ ಮೂಗೆಳೆದ ಸದ್ದು ಕೇಳಿಸಿತು. ನಾನು ಒಂದು ಕಣ್ಣು ತೆರೆದು ಅವರ ಕೊರಳ ಬಿಲ್ಲೆ ನೋಡಿದೆ. 'ಪ್ರಾರ್ಥನಾ ಸೇವೆ' ಎಂದಿತ್ತು. ಇನ್ನೊಂದು ಕಣ್ಣು ತೆರೆದು ಎದುರಿನವರ ಬಿಲ್ಲೆ ನೋಡಿದೆ. 'ಸಂಪಾದಕರು' ಎಂದಿತ್ತು. ನನ್ನ ಕುರ್ಚಿಯ ಕೆಳಗೆ ನೆಲ ಬಾಯಿಬಿಟ್ಟಿದ್ದರೆ ನಾನು ಹೊಲಿಗೆ ಹಾಕದೆ ಒಳಗೆ ಇಳಿದುಬಿಡುತ್ತಿದ್ದೆ.

ಆಮೆನ್ ಆದಮೇಲೆ ಜನ ಮುತ್ತಿಕೊಂಡರು. ಒಬ್ಬರು ಭುಜ ತಟ್ಟಿದರು. ಪ್ರೇಮಕಥೆ ಬರೆಯುವ ಒಬ್ಬ ಹೆಂಗಸು, ತಮ್ಮ ಅಣ್ಣನ ಮನೆಯಲ್ಲಿ ಒಂದು ಕತ್ತೆ ಸುಮ್ಮನೆ ನಿಂತಿದೆ, ವಯಸ್ಸಾಗಿದೆ, ಆದರೆ ಗುಣದಲ್ಲಿ ಬಂಗಾರ, ಕೊಡಿಸುತ್ತೇನೆ ಎಂದರು. ಬಿಸಿ ತುಪ್ಪ ಬಾಯಿಗೆ ಬಿದ್ದಂತೆ, ನುಂಗಲೂ ಆಗಲಿಲ್ಲ ಉಗುಳಲೂ ಆಗಲಿಲ್ಲ. ಪಾದ್ರಿಗಳು ನನ್ನ ಕಿವಿಯ ಹತ್ತಿರ ಬಾಗಿದರು. "ಎರಡು ದಿನದಿಂದ ಜೊತೇಲಿ ಇದ್ದೀಯ. ಸೋಫಾದೊಳಗಿನ ಬೆಕ್ಕಿನ ಮೊಮ್ಮಕ್ಕಳ ಕಥೆ ಹೇಳಿದೆ. ಕತ್ತೆ ಇರೋದನ್ನ ಹೇಳಲೇ ಇಲ್ಲವಲ್ಲೋ."

ಸಂಪಾದಕರು ನನ್ನ ಬಿಲ್ಲೆ ಓದಿ, ಬೆಳಿಗ್ಗೆ ನಿಮಗಾಗಿ ಕಾದು ಕೂತಿದ್ದೆ, ಯಾಕೆ ಬರಲಿಲ್ಲವೆಂದು ಈಗ ಗೊತ್ತಾಯಿತು, ಇಂಥ ಕಷ್ಟದಲ್ಲಿ ಪುಸ್ತಕದ ಚಿಂತೆ ಯಾರಿಗೆ ಬೇಕು ಎಂದರು. ಊಟ ಮುಗಿಸಿ ಹೊರಡುವವರಿದ್ದರು, ಹೊರಗೆ ಅವರ ಗಾಡಿ ನಿಂತಿತ್ತು. ಕತ್ತೆ ಮೊದಲು ಸಿಗಲಿ, ಕಾದಂಬರಿ ಆಮೇಲೆ, ಮುಂದಿನ ವರ್ಷ ನೋಡೋಣ ಎಂದು ನನ್ನ ಕೈ ಕುಲುಕಿದರು. ಎಷ್ಟು ಪ್ರೀತಿಯಿಂದ ಬಾಗಿಲು ಮುಚ್ಚಿದರೆಂದರೆ ಬೆರಳು ಸಿಕ್ಕಿಕೊಂಡದ್ದೂ ತಿಳಿಯಲಿಲ್ಲ.

ಮುಂದಿನ ವರ್ಷ ಎಂಬುದು ನನಗಿರಲಿಲ್ಲ. ಹೆಂಡತಿ ಸಾಕು ಎಂದಿದ್ದಳು, ಈಗ ಫೋನಿನಲ್ಲಿ ನಕ್ಕೂ ಬಿಟ್ಟಿದ್ದಳು. ಅಲ್ಲೇ ಸಂಪಾದಕರ ಕೈ ಹಿಡಿದು, ಸ್ವಾಮಿ, ಕತ್ತೆ ಸುಳ್ಳು, ಕಾದಂಬರಿ ನಿಜ ಎಂದಿದ್ದರೆ ನನ್ನ ಕಾಲು ಗಂಟೆ ಸಿಗುತ್ತಿತ್ತೇನೋ. ಆದರೆ ಅಷ್ಟು ದೂರದಲ್ಲಿ ಆ ಅಮ್ಮ ತಟ್ಟೆ ಹಿಡಿದು ನನ್ನ ಕಡೆಗೇ ನೋಡುತ್ತಿದ್ದರು. ಅವರನ್ನು ಇಡೀ ಹಾಲಿನ ಮುಂದೆ ಕತ್ತೆ ಮಾಡಿ ನಾನು ಕಥೆಗಾರನಾಗುವುದೇ? ಮೊದಲು ಅವರಿಗೆ ಹೇಳಬೇಕು. ಸಂಪಾದಕರ ಗಾಡಿ ಹೋದರೆ ಹೋಗಲಿ. ಎದ್ದು ಅವರ ಹತ್ತಿರ ಹೋದೆ.

"ಸಿಸ್ಟರ್, ಕತ್ತೆ ನನ್ನದಲ್ಲ" ಎಂದೆ.

ಯಾರದ್ದು ಎಂದು ಕೇಳಿದರು. ಸ್ವಾಮಿ ಏರಿಕೊಂಡು ಹೋದರಲ್ಲ, ಆ ಕತ್ತೆ. ಅದರ ಯಜಮಾನನ ಕಥೆ ಬರೆದಿದ್ದೇನೆ. ನಿಮ್ಮನ್ನೇ ಸಂಪಾದಕರು ಎಂದುಕೊಂಡೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ತಟ್ಟೆಯನ್ನು ಮೇಜಿನ ಮೇಲಿಟ್ಟರು. ತುಂಬಾ ಹೊತ್ತು ನನ್ನ ಮುಖ ನೋಡಿದರು, ಜ್ವರ ಎಷ್ಟಿದೆ ಎಂದು ನೋಡುವ ಹಾಗೆ.

"ಅಲ್ಲಪ್ಪಾ, ಪೊಲೀಸರಿಗೆ ಹೇಳಲಿಲ್ವಾ ಅಂತ ಕೇಳಿದ್ನಲ್ಲ?"

"ಒಳ್ಳೆ ಪ್ರಶ್ನೆ ಅನ್ಕೊಂಡೆ ಸಿಸ್ಟರ್."

ಅವರ ತುಟಿಯ ಒಂದು ಮೂಲೆ ಅಲುಗಿತು, ಆದರೆ ನಗಲಿಲ್ಲ. "ದೇವರ ಮುಂದೆ ಅತ್ತದ್ದು ಅತ್ತಾಯ್ತು, ಅದನ್ನ ವಾಪಸ್ ತಗೊಳ್ಳೋಕಾಗಲ್ಲ. ಇಷ್ಟು ಜನರ ಕೈಲಿ ಬೇಡಿಸಿದ್ದೀನಿ. ಇವರಿಗೆಲ್ಲ ಉತ್ತರ ಹೇಳೋರು ಯಾರು? ಬನ್ನಿ" ಎಂದು ನನ್ನ ಮೊಣಕೈ ಹಿಡಿದು ಮೈಕಿನ ಹತ್ತಿರ ನಡೆಸಿಕೊಂಡು ಹೋದರು. ರೋಗಿಗಳನ್ನು ನಡೆಸಿದ ಕೈ, ತಪ್ಪಿಸಿಕೊಳ್ಳಲು ಬಿಡಲಿಲ್ಲ.

ಅವರೇ ಮೊದಲು ಮಾತನಾಡಿದರು. ಕತ್ತೆ ಕಳೆದದ್ದು ನಿಜ, ಆದರೆ ಎರಡು ಸಾವಿರ ವರ್ಷದ ಹಿಂದೆ, ನಾನು ಸ್ವಲ್ಪ ತಡವಾಗಿ ಪ್ರಾರ್ಥಿಸಿದೆ ಎಂದರು. ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಪಾದ್ರಿಗಳು ನಕ್ಕರು, ಅವರ ಹಿಂದೆ ಹಾಲೆಲ್ಲ ನಕ್ಕಿತು. ಪ್ರೇಮಕಥೆಯ ಹೆಂಗಸು ಎಷ್ಟು ನಕ್ಕರೆಂದರೆ ಅವರ ಬೆನ್ನು ತಟ್ಟಲು ಇಬ್ಬರು ಬೇಕಾಯಿತು. ನಾನು ಕ್ಷಮೆ ಕೇಳಿದೆ. ಎಲ್ಲಾ ಸರಿಹೋಯಿತು ಎಂದುಕೊಂಡು ಇಳಿಯುವಷ್ಟರಲ್ಲಿ ನರ್ಸಮ್ಮ ನನ್ನ ತೋಳು ಬಿಡದೆ ಕೇಳಿದರು: "ಅದಿರ್ಲಿ. ಬಂತೋ ಇಲ್ವೋ?"

ನನ್ನ ಹತ್ತಿರ ಮೂರು ಕೊನೆಗಳಿದ್ದವು, ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಅವರು ಬೆಳಿಗ್ಗೆ ಬೇಡಿದ ಮಾತು, ಹೆಚ್ಚು ಹೊತ್ತುಕೊಂಡು ಬರಲಿ ಎಂದದ್ದು. ಅಲ್ಲಿಂದ ಹಿಡಿದೆ.

ಕತ್ತೆ ಬಂತು, ಎಂದೆ. ಸಂಜೆ ತಾನಾಗಿಯೇ ನಡೆದುಕೊಂಡು ಬಂತು. ಆದರೆ ಅದರ ಬೆನ್ನ ಮೇಲೆ ಒಂದು ಕಂಬಳಿ ಇತ್ತು, ಯಾರೋ ಹಾಸಿ ಮರೆತದ್ದು. ಒಳ್ಳೆಯ ಉಣ್ಣೆ, ಅಂಚಿನಲ್ಲಿ ತೇಪೆ. ಯಜಮಾನ ಕತ್ತೆಯನ್ನು ಅಪ್ಪಿಕೊಂಡ, ಮೇವು ಹಾಕಿದ, ಮಲಗಲು ಹೋದ. ನಿದ್ದೆ ಬರಲಿಲ್ಲ. ನನ್ನದು ನನಗೆ ಬಂತು, ಈಗ ಯಾರೋ ಹೊದೆಯಲು ಇಲ್ಲದೆ ಚಳಿಯಲ್ಲಿದ್ದಾರಲ್ಲ ಎಂದುಕೊಂಡ. ಕೇಳಿಕೊಂಡು ಯಾರಾದರೂ ಬರುತ್ತಾರೆ ಎಂದು ಕಾದ. ಯಾರೂ ಬರಲಿಲ್ಲ. ವಾರ ಕಳೆಯುತ್ತಾ ಬಂದಾಗ ಕಂಬಳಿ ಮಡಿಸಿ ಹೆಗಲಿಗೆ ಹಾಕಿಕೊಂಡು ತಾನೇ ಪಟ್ಟಣಕ್ಕೆ ಹೊರಟ. ಅವನು ಹೋಗಿ ಸೇರಿದ್ದು ಗುರುಗಳನ್ನು ಶಿಲುಬೆಗೇರಿಸಿದ ಶುಕ್ರವಾರದ ಮಾರನೆಯ ದಿನ. ಬೀದಿಯೆಲ್ಲ ಖಾಲಿ, ಬಾಗಿಲುಗಳೆಲ್ಲ ಮುಚ್ಚಿದ್ದವು. ಒಂದೊಂದೇ ಬಾಗಿಲು ತಟ್ಟಿ, ಈ ಕಂಬಳಿ ಯಾರದ್ದು ಎಂದು ಕೇಳಿದ. ಒಂದು ಬಾಗಿಲು ಬೆರಳಷ್ಟು ತೆರೆಯಿತು. ಒಳಗಿದ್ದವನು ಅಂದು ಕತ್ತೆ ಬಿಚ್ಚಿದ್ದ ಇಬ್ಬರಲ್ಲಿ ಒಬ್ಬ, ಇನ್ನೂ ಹುಡುಗ. ಕಣ್ಣು ಊದಿಕೊಂಡಿತ್ತು, ಹೆದರಿಕೆಯಿಂದ ನಡುಗುತ್ತಿದ್ದ. ಕೊಟ್ಟ ಮಾತಿನಂತೆ ಕಳಿಸಿದಿರಲ್ಲ, ಅದಕ್ಕೆ ಇದನ್ನು ಕೊಡಲು ಬಂದೆ ಎಂದ ಯಜಮಾನ. ಹುಡುಗ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಯಜಮಾನ ಮನೆಗೆ ಹೊರಟವನು ಹೋಗಲಿಲ್ಲ. ಒಳಗೆ ಹೋಗಿ, ಹೆದರಿ ಕೂತಿದ್ದ ಅವರ ಜೊತೆ ಗೋಡೆಗೆ ಒರಗಿ ಕೂತ. ಮಾರನೆಯ ಬೆಳಿಗ್ಗೆ ಏನಾಗುತ್ತದೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಲ್ಲಿಗೆ ನಿಲ್ಲಿಸಿದೆ. ನನಗೂ ಅದರ ಮುಂದಕ್ಕೆ ಗೊತ್ತಿರಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ; ತಟ್ಟಿದ್ದರೆ ನನಗೆ ಬೇಸರವಾಗುತ್ತಿತ್ತು. ಹೊರಗೆ ಗಾಡಿಯವನು ಹಾರ್ನು ಹೊಡೆದ, ಇನ್ನೊಮ್ಮೆ ಹೊಡೆದ. ಸಂಪಾದಕರು ಎದ್ದಿರಲಿಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಿದ್ದರು. ಆಮೇಲೆ ನನ್ನ ಹತ್ತಿರ ಬಂದು, ಇದು ಬರೆದಾಗಿದೆಯೇ ಎಂದು ಕೇಳಿದರು. ಇಲ್ಲ, ಈಗಷ್ಟೇ ಬಂತು ಎಂದೆ. "ಹಾಗಾದ್ರೆ ಬರೀರಿ. ಈಗ ಹೇಳಿದ ಹಾಗೇ ಇರ್ಲಿ. ಅಚ್ಚು ಹಾಕ್ತೀನಿ ಅಂತ ಮಾತು ಕೊಡೋದಿಲ್ಲ. ಆದ್ರೆ ಕಳಿಸಿ, ಬೇರೆ ಯಾರ ಕೈಗೂ ಕೊಡಲ್ಲ, ನಾನೇ ಓದ್ತೀನಿ" ಎಂದು ತಮ್ಮ ವಿಳಾಸದ ಚೀಟಿ ಕೊಟ್ಟು ಗಾಡಿಯ ಕಡೆ ಓಡಿದರು.

ನಾನು ಹೊರಗಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನರ್ಸಮ್ಮ ಬಂದು ಪಕ್ಕದಲ್ಲಿ ಕೂತರು. ನಿಮ್ಮ ಉಪಕಾರ ಯಾವ ಜನ್ಮಕ್ಕೂ ತೀರಿಸಲಾರೆ ಎನ್ನಲು ಹೋದೆ. ಅವರು ಕೈಬೀಸಿ ಅದನ್ನೆಲ್ಲ ಆಚೆ ತಳ್ಳಿದರು. ಪುಸ್ತಕ ಆಗುವವರೆಗೂ ಬೇಡಿಕೊಳ್ಳುತ್ತಲೇ ಇರುತ್ತೇನೆ ಎಂದರು. ನನಗಾಗಿ ಅಷ್ಟು ಯಾಕೆ ಸಿಸ್ಟರ್ ಎಂದೆ.

"ನಿಮಗಲ್ಲಪ್ಪಾ. ಆ ಕಂಬಳಿ ಹುಡುಗ ಇದ್ದಾನಲ್ಲ, ಬಾಗಿಲು ತೆರೆದೋನು. ಅವನು ಮಾರನೇ ದಿನ ಏನು ಮಾಡಿದ ಅಂತ ನನಗೆ ಗೊತ್ತಾಗಬೇಕು."

ಫೋನು ತೆಗೆದು ಹೆಂಡತಿಗೆ ಹಚ್ಚಿದೆ. ಓದುತ್ತೇನೆ ಎಂದರು ಕಣೇ ಎಂದೆ. ಆ ಕಡೆಯಿಂದ ಕುರ್ಚಿ ಎಳೆದ ಸದ್ದು ಬಂತು, ಆಮೇಲೆ ಅವಳ ದನಿ. "ಬಸ್ಸಲ್ಲಿ ಮರ್ತುಬಿಡ್ತೀರಿ. ಈಗಲೇ ಹೇಳಿ, ಬರ್ಕೊಳ್ತೀನಿ."

ಫೋನನ್ನು ಇಬ್ಬರ ನಡುವೆ ಮೆಟ್ಟಿಲ ಮೇಲಿಟ್ಟೆ. ನರ್ಸಮ್ಮ ಕಾಲು ಚಾಚಿಕೊಂಡು ಸರಿಯಾಗಿ ಕೂತರು. ನಾನು ಕತ್ತೆ ಮನೆಗೆ ಬಂದ ಸಂಜೆಯಿಂದ ಶುರುಮಾಡಿದೆ.